ಕರ್ನಲ್ ಆಂಟಿಯ ಡಿಸ್ಕ್

ನನಗೆ ಬ್ರೇಕು ಒತ್ತುವುದನ್ನು ಕಲಿಸಿದ್ದು ಒಬ್ಬ ನರ್ಸು. ಗಾಡಿ ಓಡಿಸುವುದನ್ನೂ ಅವರೇ ಕಲಿಸಿದರು, ಆದರೆ ಅದು ಆಮೇಲೆ. ಮೊದಲ ಎರಡು ತಿಂಗಳು ಬರೀ ಬ್ರೇಕು, ಅದೂ ನಿಂತ ಗಾಡಿಯಲ್ಲಿ.

ಅವರು ತೀರಿಕೊಂಡ ಸುದ್ದಿಯನ್ನು ನಮ್ಮ ಕಟ್ಟಡದ ವಾಟ್ಸ್ಯಾಪ್ ಗುಂಪಿಗೆ ಹಾಕಿದವಳು ನಾನೇ. ಅದರ ಮೇಲಿನ ಸಂದೇಶ ನೀರಿನ ಟ್ಯಾಂಕು ತೊಳೆಸುವುದರ ಬಗ್ಗೆ ಇತ್ತು, ಕೆಳಗೆ ಬಂದದ್ದು ಲಿಫ್ಟಿನ ಬಗ್ಗೆ. ಅವರೇ ಓದಿದ್ದರೆ ಮೊದಲು ಟ್ಯಾಂಕಿನದಕ್ಕೆ ಉತ್ತರ ಕೊಡುತ್ತಿದ್ದರು.

ಸೈನ್ಯದ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನರ್ಸಿಂಗ್ ಆಫೀಸರ್ ಆಗಿದ್ದು ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದವರು ಅವರು. ಊರು ವಿರಾಜಪೇಟೆಯ ಕಡೆ. ಮದುವೆಯಾಗಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ ‘ಡ್ಯೂಟಿ ಇತ್ತು’ ಎನ್ನುತ್ತಿದ್ದರು, ಮುಹೂರ್ತದ ದಿನವೇ ಡ್ಯೂಟಿ ಬಿದ್ದಿತ್ತು ಎಂಬಂತೆ. ಗುರುಗ್ರಾಮದ ನಮ್ಮ ನಾಲ್ಕಂತಸ್ತಿನ ಕಟ್ಟಡದಲ್ಲಿ ಅವರದು ನೆಲಮಹಡಿ, ನಮ್ಮದು ಎರಡನೆಯದು. ಎಲ್ಲರೂ ಅವರನ್ನು ಕರ್ನಲ್ ಆಂಟಿ ಎನ್ನುತ್ತಿದ್ದರು. ಗೇಟಿನ ಗಾರ್ಡುಗಳು ಮಾತ್ರ ‘ಮೇಡಂ ಸರ್’ ಎಂದು ಸಲ್ಯೂಟ್ ಹೊಡೆಯುತ್ತಿದ್ದರು. ಎರಡರಲ್ಲಿ ಯಾವುದನ್ನು ಬಿಟ್ಟರೂ ತಪ್ಪಾದೀತೆಂಬ ಭಯ ಅವರಿಗೆ.

ನಾನು ದಾವಣಗೆರೆಯವಳು. ಗಂಡನ ಕೆಲಸದ ಹಿಂದೆ ಇಲ್ಲಿಗೆ ಬಂದು, ಹತ್ತಿರದ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮೊದಲ ವಾರವೇ ಮೆಟ್ಟಿಲ ಬಳಿ ನನ್ನನ್ನು ತಡೆದು ನಿಲ್ಲಿಸಿದ ಆಂಟಿ, ‘ಕನ್ನಡದವಳಾ? ಹಿಮೋಗ್ಲೋಬಿನ್ ಎಷ್ಟಿದೆ?’ ಎಂದು ಕೇಳಿದ್ದರು. ಗೊತ್ತಿಲ್ಲ ಎಂದೆ. ನನ್ನ ಕಣ್ಣಿನ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿಂದ ಎಳೆದು ನೋಡಿ, ‘ಒಂಬತ್ತು’ ಎಂದರು. ಆಮೇಲೆ ಪರೀಕ್ಷೆ ಮಾಡಿಸಿದರೆ ಒಂಬತ್ತೂ ಕಾಲು ಬಂತು. ಆ ಕಾಲನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ಲ್ಯಾಬಿನವರ ತಪ್ಪು ಎಂದೇ ಹೇಳುತ್ತಿದ್ದರು.

ಅವರ ಹತ್ತಿರ ಒಂದು ಪಿಕಪ್ ಇತ್ತು. ಮುಂದೆ ಇಬ್ಬರು ಕೂರುವ ಮೂತಿ, ಹಿಂದೆ ತೆರೆದ ತೊಟ್ಟಿ, ಬಣ್ಣ ಒಂದು ಕಾಲಕ್ಕೆ ನೀಲಿ. ಪಂಜಾಬಿನಲ್ಲಿ ಪೋಸ್ಟಿಂಗ್ ಇದ್ದಾಗ ಹರಾಜಿನಲ್ಲಿ ಹಿಡಿದದ್ದಂತೆ. ನಾನು ಹುಟ್ಟುವುದಕ್ಕೆ ಬಹಳ ಮುಂಚಿನ ಗಾಡಿ. ದಿಲ್ಲಿಯ ಸುತ್ತ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಐವತ್ತು ದಾಟಿದರೆ ಅದಕ್ಕೇ ವಿಂಟೇಜ್ ಎಂಬ ಗೌರವ. ‘ಹದಿನೈದಕ್ಕೂ ಐವತ್ತಕ್ಕೂ ನಡುವೆ ಇರೋದೇ ಕಷ್ಟ ಟೀಚರ್, ಗಾಡಿಗೂ ಹೆಂಗಸಿಗೂ’ ಎನ್ನುತ್ತಿದ್ದರು. ವಿಂಟೇಜ್ ಗಾಡಿಯನ್ನು ಮೆರವಣಿಗೆ, ಪ್ರದರ್ಶನಗಳಿಗೆ ಮಾತ್ರ ಹೊರಗೆ ತೆಗೆಯಬೇಕೆಂದು ನಿಯಮ. ಆಂಟಿ ತರಕಾರಿಗೆ ಹೊರಟರೂ ಅದು ಮೆರವಣಿಗೆಯ ಹಾಗೇ ಇರುತ್ತಿದ್ದುದರಿಂದ ಯಾರೂ ಕೇಳುತ್ತಿರಲಿಲ್ಲ. ಒಮ್ಮೆ ಒಬ್ಬ ಟ್ರಾಫಿಕ್ ಪೊಲೀಸ್ ನಿಲ್ಲಿಸಿ ಕಾಗದ ಕೇಳಿದ. ಆಂಟಿ ಕಾಗದ ಕೊಟ್ಟು, ಅವನ ಮುಖ ಊದಿಕೊಂಡಿದೆಯೆಂದು ಹೇಳಿ, ಬಿಪಿ ನೋಡಿಸಿಕೊಳ್ಳದೆ ಇನ್ನೊಂದು ಗಾಡಿ ನಿಲ್ಲಿಸಬಾರದೆಂದು ತಾಕೀತು ಮಾಡಿ ಬಂದರು.

ಅದರಲ್ಲಿ ಏನೆಲ್ಲ ಸಾಗಿಸಿದ್ದಾರೆ! ಕನ್ನಡ ಸಂಘದ ನಾಟಕದ ಪರದೆಗಳು, ಯಾರದೋ ನಾಮಕರಣಕ್ಕೆ ಇಲ್ಲಿ ಹೋಟೆಲಿಟ್ಟ ಕುಂದಾಪುರದವರ ದೊಡ್ಡ ಪಾತ್ರೆಗಳು, ಟ್ರಾನ್ಸ್‌ಫರ್ ಆದವರ ಮಂಚ. ಕೋವಿಡ್ಡಿನ ಎರಡನೇ ಅಲೆಯಲ್ಲಿ ಆಕ್ಸಿಜನ್ ಸಿಲಿಂಡರುಗಳು. ಆ ಮೂರು ವಾರಗಳ ಬಗ್ಗೆ ಅವರು ನನ್ನ ಹತ್ತಿರ ಆಡಿದ್ದು ಒಂದೇ ಮಾತು: ‘ಲೋಡ್ ಇದ್ದಾಗ ಫ್ಲೈಓವರ್ ಇಳಿಯೋವಾಗ ಬ್ರೇಕು ನಾಲ್ಕು ಸಲ ಒತ್ತಬೇಕಾಗ್ತಿತ್ತು.’ ಅದಕ್ಕೆ ಮುಂಚೆ, ಆ ಗಾಡಿ ಕಟ್ಟಡದ ಅಂದ ಕೆಡಿಸುತ್ತದೆಂದು ನಿವಾಸಿಗಳ ಸಂಘದವರು ವರ್ಷಕ್ಕೊಂದು ನೋಟಿಸು ಅಂಟಿಸುತ್ತಿದ್ದರು. ಆಮೇಲೆ ಅಂಟಿಸಲಿಲ್ಲ.

ಒಂದು ಜುಲೈ ಮಧ್ಯಾಹ್ನ ಹೌಜ್ ಖಾಸ್ ಕಡೆ ಒಂದು ಸಮಾರಂಭಕ್ಕೆ ಕುರ್ಚಿಗಳನ್ನು ಹೇರಿಕೊಂಡು ಹೊರಟೆವು. ಪಕ್ಕದ ಸೀಟಿನಲ್ಲಿ ನಾನಿದ್ದೆ. ಮಳೆ ಬಂದು ನಿಂತಿತ್ತು. ಒಂದು ಅಂಡರ್‌ಪಾಸಿನಲ್ಲಿ ಮೊಣಕಾಲೆತ್ತರ ನೀರು. ಆಂಟಿ ನಿಧಾನವಾಗಿ ನೀರು ದಾಟಿಸಿ ಮೇಲೆ ಬಂದರು. ಎದುರಿಗೆ ಸಿಗ್ನಲ್ ಕೆಂಪಾಯಿತು. ಬ್ರೇಕು ಒತ್ತಿದರು. ಗಾಡಿ ನಿಲ್ಲುವ ಬದಲು ಎಡಕ್ಕೆ ತಿರುಗಿ, ಫುಟ್‌ಪಾತಿನ ಅಂಚು ಹತ್ತಿ, ಗೋಲ್‌ಗಪ್ಪಾ ಮಾರುವವನ ತಳ್ಳುಗಾಡಿಗೆ ತಾಗಿ ನಿಂತಿತು. ತಳ್ಳುಗಾಡಿ ಮಗುಚಿತು. ಪುದೀನ ನೀರು ನಮ್ಮ ಗಾಜಿನ ಮೇಲೆಲ್ಲ ಚೆಲ್ಲಿತು.

ಆಂಟಿ ವೈಪರ್ ಹಾಕಿ ಇಳಿದರು.

ಆ ಭಯ್ಯಾನ ಮೊಣಕಾಲಿನ ಕೆಳಗೆ ಚರ್ಮ ಸುಲಿದಿತ್ತು. ‘ಮಾತಾಜಿ, ಬ್ರೇಕ್ ನಹೀಂ ಹೈ ಕ್ಯಾ?’, ಬ್ರೇಕಿಲ್ಲವಾ ಎಂದು ಅವನು ಕೂಗಿದ. ಆಂಟಿ ಸೀಟಿನಡಿಯಿಂದ ಪೆಟ್ಟಿಗೆ ತೆಗೆದು, ಅವನನ್ನು ಕೂರಿಸಿ, ಗಾಯ ತೊಳೆದು ಪಟ್ಟಿ ಕಟ್ಟಿದರು. ‘ಬ್ರೇಕ್ ಮೇ ಪಾನೀ ಚಲಾ ಗಯಾ’ ಎಂದರು. ಬ್ರೇಕಿನೊಳಗೆ ನೀರು ಹೋಯಿತು, ಅಷ್ಟೆ. ನಾನು ಉರುಳಿದ ಸ್ಟೀಲ್ ಡಬ್ಬಿಗಳನ್ನು ಎತ್ತಿಡುತ್ತ ಅವರ ಕೈಯನ್ನೇ ನೋಡುತ್ತಿದ್ದೆ. ಟೇಪಿನ ತುದಿ ಅವರಿಗೆ ಮೂರು ಸಲ ಸಿಗಲಿಲ್ಲ.

ಮರುದಿನ ಶಾಲೆಯಿಂದ ಬರುವಾಗ ಆಂಟಿ ಪಿಕಪ್ಪಿನ ಮುಂದೆ ಸ್ಟೂಲು ಹಾಕಿಕೊಂಡು ನೋಟ್‌ಬುಕ್ ಬರೆಯುತ್ತಿದ್ದರು. ಆಸ್ಪತ್ರೆಯ ಕೇಸ್‌ಶೀಟಿನ ಹಾಗೆ ಗೆರೆ ಹಾಕಿದ ಪುಟ. ರೋಗಿಯ ಹೆಸರಿನ ಜಾಗದಲ್ಲಿ ಗಾಡಿಯ ನಂಬರು. ದೂರು: ಎಡಕ್ಕೆ ಎಳೆಯುತ್ತದೆ. ಕಾರಣ: ನೀರು. ಚಿಕಿತ್ಸೆ: ಮುಂದಿನ ಎರಡೂ ಚಕ್ರಕ್ಕೆ ಡಿಸ್ಕ್.

‘ಡಿಸ್ಕ್ ಅಂದ್ರೆ ಏನು ಆಂಟಿ?’

ಅವರು ನನ್ನ ಟಿಫಿನ್ ಡಬ್ಬಿ ಇಸಕೊಂಡು ಮುಚ್ಚಳ ತೆಗೆದರು. ಡಬ್ಬಿಯೊಳಗೆ ಬೆರಳು ಹಾಕಿ ಅಗಲಿಸಿ, ಒಳಗಿನಿಂದಲೇ ಅದನ್ನು ಬಿಗಿಹಿಡಿದು ತೋರಿಸಿದರು. ‘ಇದು ಡ್ರಮ್ಮು. ಈಗ ಇರೋದು. ಒಳಗಿಂದ ಒತ್ತಿ ಚಕ್ರ ಹಿಡಿಯುತ್ತೆ. ನೀರು ನುಗ್ಗಿದ್ರೆ ಒಳಗೇ ಕೂತಿರುತ್ತೆ.’ ಆಮೇಲೆ ಮುಚ್ಚಳದ ಅಂಚನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದರು. ‘ಇದು ಡಿಸ್ಕು. ತಟ್ಟೆ. ಎರಡು ಕಡೆಯಿಂದ ಹಿಡಿಯುತ್ತೆ. ನೀರು ತಾನೇ ಹಾರಿಹೋಗುತ್ತೆ.’ ಡಬ್ಬಿ ವಾಪಸು ಕೊಡುತ್ತ, ‘ಪಲ್ಯಕ್ಕೆ ಎಣ್ಣೆ ಜಾಸ್ತಿ’ ಎಂದರು.

ಮಾಯಾಪುರಿಯ ಹಳೆ ಗಾಡಿಗಳ ಗುಜರಿ ಬೀದಿಯಲ್ಲಿ ಅವರಿಗೆ ಪರಿಚಯದ ಒಬ್ಬ ಸರ್ದಾರ್ಜಿ ಮೆಕ್ಯಾನಿಕ್ ಇದ್ದರು. ಎಪ್ಪತ್ತು ದಾಟಿದವರು. ಯಾವ ಪ್ರಶ್ನೆಗೂ ಅವರ ಉತ್ತರ ‘ಹೋ ಜಾಯೇಗಾ’, ಆಗುತ್ತದೆ. ಆಂಟಿಗೆ ಆ ಮಾತು ಕಂಡರೆ ಆಗದು. ‘ಆಪರೇಷನ್ ಥಿಯೇಟರಿನಲ್ಲಿ ಯಾರಾದ್ರೂ ಹೋ ಜಾಯೇಗಾ ಅಂದ್ರೆ ನಾನು ಅವರನ್ನ ಹೊರಗೆ ಕಳಿಸ್ತಿದ್ದೆ’ ಎಂದು ನನಗೆ ಕನ್ನಡದಲ್ಲಿ ಹೇಳಿದರು. ಸರ್ದಾರ್ಜಿ ತಮ್ಮನ್ನು ಹೊಗಳಿದರೆಂದು ತಿಳಿದು ಚಹಾ ತರಿಸಿದರು. ಈಚಿನ ಜೀಪೊಂದರ ಡಿಸ್ಕುಗಳನ್ನು ತೆಗೆದು, ನಮ್ಮ ಗಾಡಿಗೆ ಕೂರುವ ಹಾಗೆ ದಪ್ಪ ಕಬ್ಬಿಣದ ಪಟ್ಟಿಯನ್ನು ಲೇತಿನಲ್ಲಿ ಕಡೆಯಿಸಿ ಕೊಡುವುದಾಗಿ ಒಪ್ಪಿದರು. ಬಿಚ್ಚಿ ಜೋಡಿಸುವುದನ್ನು ಆಂಟಿ ತಾವೇ ಮಾಡುವುದು, ಭಾನುವಾರ ಸರ್ದಾರ್ಜಿ ಬಂದು ನೋಡುವುದು ಎಂದಾಯಿತು.

ಹೊರಡುವಾಗ ಸರ್ದಾರ್ಜಿ ಒಂದು ಮಾತು ಹೇಳಿದರು. ‘ಮೇಡಂಜೀ, ಜೊತೆಗೆ ಬೂಸ್ಟರ್ ಹಾಕಿಸಿ. ಡಿಸ್ಕಿಗೆ ಕಾಲಿನ ಜೋರು ಜಾಸ್ತಿ ಬೇಕು. ಬೂಸ್ಟರ್ ಇದ್ದರೆ ಅರ್ಧ ಜೋರು ಎಂಜಿನ್ನೇ ಕೊಡುತ್ತದೆ.’

‘ನನ್ನದು ಫೌಜಿ ಕಾಲು, ಸೈನ್ಯದ್ದು. ಬೂಸ್ಟರ್ ಬೇಡ’ ಎಂದರು ಆಂಟಿ.

ಸರ್ದಾರ್ಜಿ ಅವರ ಕಾಲನ್ನು ನೋಡಿದರು. ಈ ಸಲ ಹೋ ಜಾಯೇಗಾ ಎಂದು ಹೇಳಲಿಲ್ಲ.

ಕೆಲಸ ಶುರುವಾದದ್ದು ನವೆಂಬರಿನಲ್ಲಿ. ಹೊಗೆ ಕವಿದು ಶಾಲೆಗೆ ರಜೆ ಕೊಟ್ಟಿದ್ದರು. ಹೊರಗೆ ಬರಬೇಡಿ ಎಂದು ಸರಕಾರ ಹೇಳಿದ ಆ ವಾರವಿಡೀ ನಾವಿಬ್ಬರೂ ಮಾಸ್ಕು ಹಾಕಿಕೊಂಡು ಪಾರ್ಕಿಂಗಿನಲ್ಲಿದ್ದೆವು. ಮೊದಲನೆಯ ದೊಡ್ಡ ನಟ್ಟು ಬಿಚ್ಚಲು ಎರಡು ದಿನ ಹಿಡಿಯಿತು. ಆಂಟಿ ಅದಕ್ಕೆ ಎಣ್ಣೆ ಬಿಟ್ಟು, ‘ರೆಸ್ಟ್ ಮಾಡಲಿ’ ಎಂದು ಬಟ್ಟೆ ಸುತ್ತಿಟ್ಟರು. ಡಿಸ್ಕು ಕೂತಿತು, ಅದನ್ನು ಹಿಡಿಯುವ ಇಕ್ಕಳವೂ ಕೂತಿತು, ಹಳೆಯ ಚಕ್ರ ಮಾತ್ರ ಅದರ ಮೇಲೆ ಕೂರಲಿಲ್ಲ. ಇಕ್ಕಳ ದಪ್ಪ, ಚಕ್ರ ಚಿಕ್ಕದು. ಬೇರೆ ಚಕ್ರಗಳನ್ನು ಹುಡುಕಲು ಮತ್ತೆ ಮಾಯಾಪುರಿ. ಹೀಗೆ ಮುಂದಿನ ಚಕ್ರ ಒಂದು ಬಗೆ, ಹಿಂದಿನದು ಇನ್ನೊಂದು ಬಗೆ ಆಯಿತು. ನೋಡಲು ವಿಚಿತ್ರವಾಗಿದೆ ಎಂದೆ. ‘ಟ್ರಾನ್ಸ್‌ಪ್ಲಾಂಟ್ ಆದವರು ಹಾಗೇ ಇರ್ತಾರೆ’ ಎಂದರು.

ಆಮೇಲೆ ನನ್ನ ಕೆಲಸ ಬಂತು. ಬ್ರೇಕಿನ ಆಯಿಲ್ ಓಡುವ ನಳಿಕೆಯಲ್ಲಿ ಗಾಳಿ ಉಳಿದರೆ ಬ್ರೇಕು ಹಿಡಿಯುವುದಿಲ್ಲ. ಅದನ್ನು ತೆಗೆಯಲು ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ಮಲಗಿ ಸಣ್ಣ ಸ್ಕ್ರೂ ಸಡಿಲಿಸಿ ಗಾಳಿ ಬಿಡಬೇಕು. ಆಂಟಿ ಡ್ರಿಪ್ ಹಾಕುವ ಪ್ಲಾಸ್ಟಿಕ್ ನಳಿಕೆಯೊಂದನ್ನು ಅಲ್ಲಿಗೆ ಸಿಕ್ಕಿಸಿ ಬಾಟಲಿಗೆ ಇಳಿಬಿಟ್ಟಿದ್ದರು. ನನಗೆ ಕಾಣುತ್ತಿದ್ದುದು ಅವರ ಕ್ಯಾನ್ವಾಸ್ ಶೂ ಮಾತ್ರ. ಧ್ವನಿ ಕೆಳಗಿನಿಂದ ಬರುತ್ತಿತ್ತು.

‘ಒತ್ತು. ಹಿಡಿ... ಹಿಡಿ... ಬಿಡು.’

ನಾನು ಒತ್ತಿದೆ, ಹಿಡಿದೆ, ಬಿಟ್ಟೆ. ಒಂದು ದಿನಕ್ಕೆ ಮುಗಿಯುವ ಕೆಲಸವಂತೆ ಅದು. ಎಲ್ಲೋ ಒಂದು ಜೋಡಣೆ ಸೋರುತ್ತಿದ್ದುದರಿಂದ ಮತ್ತೆ ಬಿಚ್ಚುವುದು, ಮತ್ತೆ ಒತ್ತುವುದು. ಹೀಗೆ ಜನವರಿವರೆಗೆ ಭಾನುವಾರಗಳು ಕಳೆದವು. ಒಂದು ದಿನ ಕೇಳಿದೆ, ‘ಆಂಟಿ, ಡ್ರಿಪ್ಪಿನಲ್ಲಿ ಗಾಳಿಗುಳ್ಳೆ ಹೋದರೆ ಮನುಷ್ಯ ಸಾಯ್ತಾನಂತೆ, ನಿಜವಾ?’

‘ಸಣ್ಣ ಗುಳ್ಳೆಗೆ ಯಾರೂ ಸಾಯಲ್ಲ.’ ಕೆಳಗೆ ಸ್ಕ್ರೂ ಬಿಗಿಯುವ ಸದ್ದಾಯಿತು. ‘ಆದ್ರೂ ನಾನು ಒಂದನ್ನೂ ಬಿಟ್ಟವಳಲ್ಲ. ಒತ್ತು.’

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಪರೀಕ್ಷೆ. ನಮ್ಮ ಕಟ್ಟಡದ ಹಿಂದೆ ಬಿಲ್ಡರ್ ಅರ್ಧಕ್ಕೆ ಬಿಟ್ಟ ಒಂದು ರಸ್ತೆ ಇದೆ. ಅದು ಮರಳಿನ ಗುಡ್ಡೆಯಲ್ಲಿ ಮುಗಿಯುತ್ತದೆ. ಸರ್ದಾರ್ಜಿ ಸುಣ್ಣದಲ್ಲಿ ಗೆರೆ ಎಳೆದರು. ಮೊದಲು ತಾವೇ ಓಡಿಸಿ ಗೆರೆಯ ಮೇಲೆ ನಿಲ್ಲಿಸಿದರು. ಎಡಕ್ಕಿಲ್ಲ, ಬಲಕ್ಕಿಲ್ಲ, ನೇರ. ‘ಮೇಡಂಜೀ, ಮಕ್ಕನ್!’ ಎಂದರು, ಬೆಣ್ಣೆಯಂತಿದೆ ಎಂದು.

ಆಂಟಿ ಹತ್ತಿದರು. ಗಾಡಿ ಗೆರೆ ದಾಟಿತು. ಆಮೇಲೆ ಇನ್ನೂ ಒಂದಷ್ಟು ದೂರ, ಏನೂ ಅವಸರವಿಲ್ಲದೆ, ಹೋಗಿ ಮರಳಿನ ಗುಡ್ಡೆಗೆ ಮೂತಿ ತುರುಕಿ ನಿಂತಿತು.

ಸರ್ದಾರ್ಜಿ ಓಡಿಹೋಗಿ ಬಗ್ಗಿ ಎಲ್ಲ ನೋಡಿದರು. ಎಲ್ಲ ಸರಿಯಿತ್ತು. ಹಿಂದಕ್ಕೆ ತಂದು ಇನ್ನೊಮ್ಮೆ ಅವರು ಓಡಿಸಿದರು: ಗೆರೆ. ಇನ್ನೊಮ್ಮೆ ಆಂಟಿ: ಮರಳು. ಸರ್ದಾರ್ಜಿ ಪಕ್ಕಕ್ಕೆ ಹೋಗಿ ಪೇಟ ಸರಿಮಾಡಿಕೊಳ್ಳತೊಡಗಿದರು. ಅದು ಸರಿಯಾಗಿಯೇ ಇತ್ತು.

ನಾನು ಗಾಡಿಯ ಬಾಗಿಲ ಬಳಿ ನಿಂತೆ. ಆಂಟಿ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡು ಮರಳನ್ನು ನೋಡುತ್ತಿದ್ದರು.

‘ನನಗೂ ಡಿಸ್ಕ್ ಇದೆ ಟೀಚರ್’ ಎಂದರು.

‘ಹೌದು ಆಂಟಿ, ಹಾಕಿದೀವಲ್ಲ.’

‘ಗಾಡಿದಲ್ಲ. ಸೊಂಟದ್ದು. ಜಾರಿದೆ, ನರ ಒತ್ತಿದೆ. ಬಲಗಾಲಿಗೆ ಅರ್ಧ ಬಲ. ಒಂದೂವರೆ ವರ್ಷ ಆಯ್ತು.’ ಬೇರೆ ಯಾರದೋ ರಿಪೋರ್ಟ್ ಓದುವ ಧ್ವನಿ.

‘ಹಾಗಾದ್ರೆ ಅವತ್ತು ಅಂಡರ್‌ಪಾಸ್ ಹತ್ತಿರ?’

‘ಅರ್ಧ ನೀರು. ಅರ್ಧ ಕಾಲು.’ ಸೀಟಿನ ಮೇಲಿದ್ದ ನೋಟ್‌ಬುಕ್ ತೆಗೆದು ಆ ಪುಟ ತಿರುವಿದರು. ‘ಕಾರಣ: ನೀರು’ ಎಂದಿದ್ದುದರ ಮೇಲೆ ಒಂದೇ ಗೆರೆ ಎಳೆದರು. ಆಸ್ಪತ್ರೆಯ ದಾಖಲೆಯಲ್ಲಿ ತಪ್ಪನ್ನು ಅಳಿಸುವಂತಿಲ್ಲವಂತೆ. ಹಳೆಯದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು. ‘ನೀರು ಮತ್ತು ಡ್ರೈವರ್’ ಎಂದು ಬರೆದು ಸಹಿ ಹಾಕಿದರು. ‘ಆರು ತಿಂಗಳು ಗಾಡಿ ಮೇಲೆ ತಪ್ಪು ಹಾಕಿ ಕೂತಿದ್ದೆ. ಅದಕ್ಕೆ ಬಾಯಿಲ್ಲವಲ್ಲ’ ಎಂದರು.

ಮರುದಿನ ಸಂಜೆ ನನ್ನನ್ನು ಕರೆದುಕೊಂಡು ಮೆಟ್ರೋ ಹಿಡಿದು ಆ ಗೋಲ್‌ಗಪ್ಪಾ ಭಯ್ಯಾನನ್ನು ಹುಡುಕಿಕೊಂಡು ಹೋದರು. ಅವನು ಅದೇ ಸಿಗ್ನಲ್ಲಿನ ಬಳಿ ಇದ್ದ. ಆಂಟಿ ಅವನ ಮುಂದೆ ನೆಟ್ಟಗೆ ನಿಂತು, ಹೇಳಿಕೆ ಕೊಡುವವರ ಹಾಗೆ, ‘ಉಸ್ ದಿನ್ ಗಲತೀ ಮೇರೇ ಪಾಂವ್ ಕೀ ಥೀ, ಗಾಡೀ ಕೀ ನಹೀಂ’ ಎಂದರು. ಅಂದಿನ ತಪ್ಪು ನನ್ನ ಕಾಲಿನದು, ಗಾಡಿಯದಲ್ಲ. ಅವನು ಪ್ಯಾಂಟು ಎತ್ತಿ ಮಾಸಿದ ಗಾಯದ ಗುರುತು ತೋರಿಸಿ, ಪಟ್ಟಿ ಚೆನ್ನಾಗಿ ಕಟ್ಟಿದ್ದಿರಿ ಎಂದ. ಆಮೇಲೆ ಎಲೆದೊನ್ನೆ ಕೊಟ್ಟು, ‘ತೀಖಾ ಯಾ ಮೀಠಾ, ಮಾತಾಜಿ?’ ಎಂದು ಕೇಳಿದ.

‘ತೀಖಾ’ ಎಂದರು ಆಂಟಿ. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಇರಬೇಕು.

ಸರ್ದಾರ್ಜಿ ಬೂಸ್ಟರ್ ತಂದು ಜೋಡಿಸಿದರು. ನಾನು ಮತ್ತೆ ಒತ್ತಿ, ಹಿಡಿದು, ಬಿಟ್ಟೆ. ಫೆಬ್ರವರಿಯಲ್ಲಿ ಎರಡನೇ ಪರೀಕ್ಷೆ. ಈ ಸಲ ಆಂಟಿ ಓಡಿಸಿದಾಗ ಗಾಡಿ ಸುಣ್ಣದ ಗೆರೆಯ ಮೇಲೇ ನಿಂತಿತು. ಮತ್ತೆ ಓಡಿಸಿದರು, ಗೆರೆ. ಏಳು ಸಲ ಓಡಿಸಿದರು. ಬಕೆಟ್ಟುಗಟ್ಟಲೆ ನೀರು ಚಕ್ರಕ್ಕೆ ಎರಚಿಸಿ ಎಂಟನೆಯ ಸಲ ಓಡಿಸಿದರು. ಸರ್ದಾರ್ಜಿ ಚಪ್ಪಾಳೆ ತಟ್ಟಿದರು. ಆಂಟಿ ಎಂಜಿನ್ ಆರಿಸಿ, ಇಳಿದು, ಕೀಲಿಕೈಯನ್ನು ನನಗೆ ಕೊಟ್ಟರು.

‘ಗಾಡಿ ಫಿಟ್. ಡ್ರೈವರ್ ಅನ್‌ಫಿಟ್.’

ನನಗೆ ಸಿಟ್ಟೇ ಬಂತು. ‘ಈಗ ನಿಲ್ಲುತ್ತಲ್ಲ ಆಂಟಿ, ನಿಮ್ಮ ಕಾಲಿಗೂ ನಿಲ್ಲುತ್ತಲ್ಲ! ಇಷ್ಟೆಲ್ಲ ಮಾಡಿದ್ದು ಯಾಕೆ ಮತ್ತೆ?’

‘ಇವತ್ತು ನಿಲ್ತು. ಈ ಕಾಲು ಯಾವತ್ತು ರಜೆ ಹಾಕುತ್ತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂದ್ಮೇಲೆ ಬರೆಯೋದು ಒಂದೇ ಮಾತು. ಎಷ್ಟು ಜನ ಸಿಪಾಯಿ ಹುಡುಗರ ಕಾಗದದ ಮೇಲೆ ಅದನ್ನ ಬರೆಯೋದು ನೋಡಿದೀನಿ. ಚಲೋ, ಕಾಫಿ ಕುಡಿಯೋಣ.’

ಅಂದು ಅವರು ಕಾಫಿಗೆ ಸಕ್ಕರೆ ಹಾಕಲು ಮರೆತಿದ್ದರು. ನಾನೂ ಸರ್ದಾರ್ಜಿಯೂ ಹಾಗೇ ಕುಡಿದೆವು.

ಡ್ರೈವಿಂಗ್ ಕಲಿಯುತ್ತೇನೆಂದು ನಾನು ಒಪ್ಪಿದ್ದು ನೆನಪಿಲ್ಲ. ಮುಂದಿನ ಭಾನುವಾರ ಆರೂವರೆಗೆ ಅವರು ಪಕ್ಕದ ಸೀಟಿನಲ್ಲಿ ಕೂತು ಹಾರ್ನ್ ಹೊಡೆದು ಕರೆದರು, ನಾನು ಹೋದೆ. ಎಂಟು ತಿಂಗಳು ಕಲಿಸಿದರು. ಒಂದು ದಿನವೂ ಬೈಯಲಿಲ್ಲ. ತಪ್ಪು ಮಾಡಿದಾಗ ನನ್ನ ಮಣಿಕಟ್ಟು ಹಿಡಿದು, ಒಳಮುಖವಾಗಿ ಕಟ್ಟಿದ ತಮ್ಮ ವಾಚು ನೋಡುತ್ತ, ನಾಡಿ ಎಣಿಸುತ್ತಿದ್ದರು. ‘ನೂರಾ ಹತ್ತು. ಮುಂದೆ ನೋಡಿ ಓಡಿಸು.’ ಎದುರಿಗೆ ಏನು ಅಡ್ಡ ಬಂದರೂ ಬಲ ಉಳಿದಿದ್ದ ಅವರ ಎಡಗಾಲು ತಾನಾಗಿ, ಅಲ್ಲೇ ಬ್ರೇಕಿದ್ದಂತೆ, ಕೆಳಗಿನ ಚಾಪೆಯನ್ನು ಒತ್ತುತ್ತಿತ್ತು. ಲೈಸೆನ್ಸ್ ಬಂದ ದಿನ ನಾವು ಕನ್ನಡ ಸಂಘದ ಪರದೆಗಳನ್ನು ಹೇರಿಕೊಂಡು ಸರೋಜಿನಿ ನಗರದವರೆಗೆ ಹೋಗಿ ಬಂದೆವು. ಇಳಿಯುವಾಗ ಅವರು, ‘ರಿವರ್ಸ್ ಇನ್ನೂ ಬರಬೇಕು’ ಎಂದರು. ಹಾಸ್ಟೆಲಿನಲ್ಲಿದ್ದ ನನ್ನ ಮಗಳಿಗೆ ಫೋನಿನಲ್ಲಿ ಮಾತ್ರ, ‘ನಿಮ್ಮಮ್ಮ ಬಹುತ್ ಅಚ್ಛಾ ಓಡಿಸ್ತಾಳೆ’ ಎಂದಿದ್ದರಂತೆ.

ಕಳೆದ ಚಳಿಗಾಲದ ಕೊನೆಯಲ್ಲಿ, ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ, ಅವರ ಫೋನು ಬಂತು.

‘ಟೀಚರ್, ಇವತ್ತು ರಜೆ ಹಾಕು. ಎದೆ ನೋವು, ಎಡಗೈಗೆ ಇಳೀತಿದೆ. ಆಸ್ಪಿರಿನ್ ತಗೊಂಡಿದೀನಿ. ಆಂಬುಲೆನ್ಸಿನವರು ನಲವತ್ತು ನಿಮಿಷ ಅಂತಿದಾರೆ. ಗಾಡಿ ತೆಗಿ.’

ಕೆಳಗೆ ಓಡಿದೆ. ಸಣ್ಣ ಚೀಲ ಹಿಡಿದು, ಶೂ ಲೇಸು ಕಟ್ಟಿಕೊಂಡು, ಗಾಡಿಯ ಪಕ್ಕ ನಿಂತಿದ್ದರು. ಮುಖ ಬೂದಿಯಂತಿತ್ತು. ಹತ್ತಿಸಿಕೊಂಡು ಹೊರಟೆ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಕಂಟೋನ್ಮೆಂಟಿನ ತಿರುವಿನ ಬಳಿ ಡೆಲಿವರಿ ಬೈಕೊಂದು ಎದುರು ದಿಕ್ಕಿನಿಂದ ನಮ್ಮ ಗಾಡಿಯ ಮೂತಿಗೇ ಬಂತು. ಒತ್ತಿದೆ. ಒಂದಿಷ್ಟೂ ಆಚೆ ಈಚೆ ಹೋಗದೆ ಗಾಡಿ ನಿಂತಿತು. ಬೈಕಿನವನು ಒಮ್ಮೆ ನಮ್ಮನ್ನು ನೋಡಿ ಹೋದ. ಪಕ್ಕಕ್ಕೆ ತಿರುಗಿದೆ. ಆಂಟಿಯ ಎಡಗಾಲು ಅಲ್ಲಾಡಿರಲಿಲ್ಲ, ಮಡಚಿಟ್ಟಲ್ಲೇ ಇತ್ತು. ಕಣ್ಣು ಮುಚ್ಚಿಕೊಂಡಿದ್ದರು. ಸತ್ತೇಹೋದರೆಂದು ಅವರ ಮಣಿಕಟ್ಟಿಗೆ ಕೈ ಹಾಕಿದೆ.

‘ಯಾಕೆ ನಿಂತೆ?’ ಎಂದರು, ಕಣ್ಣು ತೆರೆಯದೆ. ‘ಹೋಗು.’

ಸೈನ್ಯದ ಆಸ್ಪತ್ರೆಯಲ್ಲಿ ಅವರನ್ನು ಸ್ಟ್ರೆಚರಿಗೆ ಹಾಕಿದರು. ಚಿಕ್ಕ ವಯಸ್ಸಿನ ನರ್ಸೊಬ್ಬಳು ಫಾರಂ ಹಿಡಿದು ಓಡಿಬಂದು ಹಿಂದಿಯಲ್ಲಿ ನನ್ನನ್ನು ಕೇಳಿದಳು, ‘ನೀವು ಪೇಷೆಂಟಿಗೆ ಏನಾಗಬೇಕು?’

ನಾನು ಬಾಯಿ ತೆರೆದೆ. ನೆರೆಯವಳು ಎಂದರೆ ಒಳಗೆ ಬಿಡುತ್ತಾರೋ ಇಲ್ಲವೋ. ಮಗಳು ಎಂದರೆ ಆಂಟಿ ಸುಳ್ಳನ್ನು ಸಹಿಸುತ್ತಾರೋ ಇಲ್ಲವೋ. ಅಷ್ಟರಲ್ಲಿ ಸ್ಟ್ರೆಚರಿನಿಂದ ಉತ್ತರ ಬಂತು.

‘ಡ್ರೈವರ್’ ಎಂದರು. ‘ಬರೆದುಕೋ. ಒಳಗೆ ಬಿಡು.’

ನರ್ಸು ಬರೆದುಕೊಂಡಳು. ಒಳಗೆ ಬಿಟ್ಟಳು.

ನಾಲ್ಕನೆಯ ದಿನ ಅವರು ಹೋದರು. ಮೈಸೂರಿನಿಂದ ಅವರ ತಂಗಿಯ ಮಗ ಬಂದು ಎಲ್ಲ ಕಾರ್ಯ ಮುಗಿಸಿದರು. ತುಂಬ ಸಭ್ಯಸ್ಥ ಮನುಷ್ಯ. ಆಸ್ಪತ್ರೆಯ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಓದುತ್ತಿದ್ದವರು ಒಂದು ಕಡೆ ತಡೆದು, ‘ದೊಡ್ಡಮ್ಮನಿಗೆ ಡ್ರೈವರ್ ಇದ್ದನಾ ಮೇಡಂ? ನಮಗೆ ಗೊತ್ತೇ ಇರಲಿಲ್ಲ. ಎಲ್ಲಿದಾನೆ ಅವನು? ಒಂದು ಸಲ ನೋಡಿ ಥ್ಯಾಂಕ್ಸ್ ಹೇಳಬೇಕಿತ್ತು’ ಎಂದರು.

‘ನಾನೇ’ ಎಂದೆ.

ಅವರು ನನ್ನ ಸೀರೆಯನ್ನೂ ಕೊರಳಲ್ಲಿದ್ದ ಶಾಲೆಯ ಗುರುತುಚೀಟಿಯನ್ನೂ ನೋಡಿದರು. ಮುಖ ಕೆಂಪಾಯಿತು.

‘ಅಯ್ಯೋ, ಸಾರಿ ಮೇಡಂ. ಯಾರೋ ತಪ್ಪು ಬರೆದಿದಾರೆ.’

‘ಇಲ್ಲ, ಸರಿಯಾಗಿಯೇ ಬರೆದಿದಾರೆ’ ಎಂದೆ.